ಸಾಂತ್ವನದ ಮಧ್ಯೆ ಕುರಿ ಅಟ್ಟುವ ನಮ್ಮ ಮಾವ

ನೀವು ಫೇಸ್‌ಬುಕ್ಕಿನಲ್ಲಿ ಮನಸ್ಸು ಕರಗುವಂಥದ್ದೇನೋ ಬರೆದಾಗ, ಅದರ ಕೆಳಗೆ ಯಾರಾದರೂ ಬಂದು ಕುರಿಗೆ ಬೈದದ್ದುಂಟಾ? ನನಗೆ ಈ ಭಾಗ್ಯ ವಾರಕ್ಕೆ ಮೂರು ಸಲ ಸಿಗುತ್ತದೆ. ಕರುಣಿಸುವವರು ದೇವಸಮುದ್ರದ ಕಡೆ ಕುರಿ ಕಾಯುವ ನನ್ನ ಸೋದರಮಾವ. ಹೆಸರು ಹೇಳುವುದಿಲ್ಲ. ಹೇಳಿದರೆ ಅದಕ್ಕೂ ಒಂದು ಕಮೆಂಟ್ ಬರುತ್ತದೆ!

ಮಾವನಿಗೆ ಓದು ಬರುತ್ತದೆ, ಟೈಪ್ ಮಾಡಲು ಬರುವುದಿಲ್ಲ. ಅವರ ಹೆಬ್ಬೆರಳು ಒಂದೇ ಸಲಕ್ಕೆ ನಾಲ್ಕು ಅಕ್ಷರ ಒತ್ತುತ್ತದೆ. ಹಾಗಾಗಿ ಮೈಕಿನ ಗುರುತು ಒತ್ತಿ ಮಾತಾಡುತ್ತಾರೆ, ಫೋನು ಬರೆದುಕೊಳ್ಳುತ್ತದೆ. ಪಾಪ, ಅದು ಬಲು ಪ್ರಾಮಾಣಿಕ. ಕೇಳಿದ್ದನ್ನೆಲ್ಲ ಬರೆಯುತ್ತದೆ! ತಂದೆಯನ್ನು ಕಳೆದುಕೊಂಡ ನನ್ನ ಗೆಳತಿಗೆ ಮಾವನ ಸಾಂತ್ವನ ಹೀಗಿತ್ತು: “ಧೈರ್ಯ ತಗಳವ್ವ ಅಪ್ಪ ಎಲ್ಲಿಗೂ ಹೋಗಿಲ್ಲ ಹೇಯ್ ಶೇಂಗಾ ಹೊಲಕ್ಕೆ ನುಗ್ತೀಯಾ ಕಾಲು ಮುರಿತೀನಿ ನೋಡು ನಿನ್ನ ಜೊತೆಗೇ ಅದಾರೆ.”

ತಲೆ ಚಚ್ಚಿಕೊಂಡು ಫೋನ್ ಮಾಡಿದೆ. “ಮಾವ, ಅದನ್ನ ಅಳಿಸ್ರಿ!”

“ಯಾಕವ್ವ? ಮೂರು ದಿನದ ಮ್ಯಾಲೆ ಇವತ್ತು ನಕ್ಕೆ ಅಂತ ಆ ಹುಡುಗಿ ನಂಗೆ ಬರದಾಳೆ. ನೀನು ಕೈ ಮುಗಿಯೋ ಬೊಂಬೆ ಹಾಕಿದ್ಯಲ್ಲ, ಅದ್ರಿಂದ ಏನಾತು?”

ಫೋನ್ ಇಟ್ಟು, ನನ್ನ ಬೊಂಬೆಯನ್ನೇ ಅಳಿಸಿದೆ.

ಮಂಡಕ್ಕಿ ಕಟ್ಟಿಕೊಟ್ಟ ಪೇಪರನ್ನೂ ಅವರು ಓದದೆ ಬಿಡುವುದಿಲ್ಲ. ಒಮ್ಮೆ ಬಿ.ಜಿ. ಕೆರೆ ಊರಿನ ಅಂಗಡಿಯಲ್ಲಿ ಸಿಕ್ಕ ಪ್ರಶ್ನೋತ್ತರದ ತುಂಡಿನಲ್ಲಿ ಯಾವನೋ ಹುಡುಗ ಕೇಳಿದ್ದ: ಪರೀಕ್ಷೆಯಲ್ಲಿ ಫೇಲಾದೆ, ಊಟ ಸೇರುವುದಿಲ್ಲ, ಏನು ಮಾಡಲಿ? ಉತ್ತರವಿದ್ದ ಭಾಗ ಹರಿದು ಹೋಗಿತ್ತು. ಮಾವ ಮರುದಿನ ಬಸ್ಸು ಹತ್ತಿ ಅದೇ ಅಂಗಡಿಗೆ ಹೋಗಿ ಉಳಿದರ್ಧ ಕೇಳಿದರು!

“ಯಾವನೋ ಬಜ್ಜಿ ತಿಂದು ಬಿಸಾಕ್ಯಾನಂತೆ. ಆ ಹುಡುಗ ಊಟ ಮಾಡಿದ್ನೋ ಇಲ್ವೋ?”

ನಾನು ಊರಿಗೆ ಹೋದಾಗ ಮಾವ ಕೈಗಿಟ್ಟ ಆ ತುಂಡನ್ನು ತಿರುಗಿಸಿ ತಾರೀಕು ನೋಡಿದೆ. “ಮಾವ, ಆ ಹುಡುಗ ಈಗ ತನ್ನ ಮಗನಿಗೆ ಓದ್ಕಳೋ ಅಂತ ಬೈತಿರ್ತಾನೆ!”

ಕಳೆದ ತಿಂಗಳು ನನ್ನ ಸರದಿ ಬಂತು. ಚಳ್ಳಕೆರೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ನನ್ನ ಬರಹದ ಕೆಳಗೆ ಯಾವನೋ ಅಪರಿಚಿತ, “ಮಿಷಿನ್ ತುಳಿಯೋದು ಬಿಟ್ಟು ಇದೆಲ್ಲ ಯಾಕೆ? ನಿನ್ನ ಕಥೆ ಯಾರು ಓದ್ತಾರೆ?” ಎಂದು ಬರೆದ. ಅದಕ್ಕೆ ಲೈಕುಗಳೂ ಬಿದ್ದವು. ನಿಜ ಹೇಳುತ್ತೇನೆ, ಬ್ಲೌಸಿಗೆ ಹುಕ್ಕು ಹಚ್ಚುತ್ತಾ ಕಣ್ಣೀರು ಹಾಕಿದೆ. ಇನ್ನು ಬರೆಯುವುದೇ ಇಲ್ಲ ಎಂದು ತೀರ್ಮಾನಿಸಿದೆ.

ಹನ್ನೆರಡನೇ ದಿನ, ಕುರಿ ಬಿಟ್ಟು ಚಳ್ಳಕೆರೆಗೆ ಮದುವೆಗೂ ಬಾರದ ಮಾವ ಕಂಬಳಿ ಹೆಗಲಿಗೆ ಹಾಕಿಕೊಂಡು ಅಂಗಡಿ ಬಾಗಿಲಲ್ಲಿ ನಿಂತಿದ್ದರು.

“ಯಾಕೆ ಬರೀತಿಲ್ಲ?”

“ಯಾರು ಓದ್ತಾರೆ ಮಾವ?”

ಕತ್ತರಿಸುವ ಮೇಜಿನ ಮೇಲೆ ಕುಳಿತೇಬಿಟ್ಟರು, ಯಾರದೋ ಮೊಳಕಾಲ್ಮೂರು ರೇಷ್ಮೆಯ ಮೇಲೆ!

“ನಿಮ್ಮತ್ತೆಗೆ ಕಣ್ಣು ಕಾಣದಂಗಾಗಿ ಎರಡು ವರ್ಷ ಆತು. ನೀನು ಬರೆದಿದ್ದನ್ನ ಸಂಜೆ ನಾನು ಓದ್ತೀನಿ, ಅವಳು ಕೇಳ್ತಾಳೆ. ನೀನು ನಿಲ್ಲಿಸ್ದೆ. ಅವಳು ‘ಇವತ್ತೇನು ಬರದಾಳೆ’ ಅಂತಾಳೆ. ಏನು ಮಾಡ್ಲಿ? ನೀನೇ ಬರೆದಂಗೆ ನಾನೇ ಕಟ್ಟಿ ಹೇಳ್ದೆ.”

“ಆಮೇಲೆ?”

“ನಿನ್ನೆ ಸಿಕ್ಕಿಬಿದ್ದೆ. ‘ಬಟ್ಟೆ ಹೊಲಿಯೋಳು ದಿನಾ ಕುರಿ ಉಣ್ಣೆ ಕತ್ತರಿಸಾಕೆ ಯಾಕೆ ಹೋಗ್ತಾಳೆ? ಸುಳ್ಳು ಸಾಕು. ಹುಡುಗಿಗೆ ಏನೋ ಆಗೈತೆ, ಹೋಗಿ ನೋಡ್ಕಂಡು ಬಾ’ ಅಂದ್ಲು.”

ನಗು ಬಂತು.

“ಈಗ ಬರಿ. ಅಲ್ಲೀಗಂಟ ನಾನು ಏಳಲ್ಲ.”

ಬರೆದೆ. ನಾಲ್ಕೇ ಸಾಲು. ಮಾವ ಪಕ್ಕದ ಮನೆಯವರ ಫೋನಿಗೆ ಕರೆ ಮಾಡಿ ಅತ್ತೆಯನ್ನು ಕರೆಸಿ, ಬೀದಿಗೆಲ್ಲ ಕೇಳುವಂತೆ ಓದಿದರು. ಆ ಕಡೆಯಿಂದ ಅತ್ತೆಯ ದನಿ: “ಹ್ಞೂ, ಇದು ನಮ್ಮ ಹುಡುಗೀದೇ.”

ನಾನಿನ್ನು ನಿಲ್ಲಿಸುವುದಿಲ್ಲ, ಯಾರು ಏನಾದರೂ ಅಂದುಕೊಳ್ಳಲಿ. ನೀವು ಕೈಬಿಟ್ಟಿದ್ದನ್ನು ಮತ್ತೆ ನಿಮ್ಮ ಕೈಗೆ ಕೊಟ್ಟವರು ಯಾರು? ಕೆಳಗೆ ಬರೆಯಿರಿ. ಚಿಕ್ಕದಾದರೂ ಸರಿ. ಸಂಜೆಯೊಳಗೆ ಬರೆದರೆ ಅತ್ತೆಯೂ ಕೇಳಿಸಿಕೊಳ್ಳುತ್ತಾರೆ.