ಹೋಳಿಗೆ ಸನ್ನೆ ಕದ್ದ ಪ್ರಕರಣ

ಇಂದ: ಕಲ್ಮೇಶ್, ಮೂಲ ಧಾರವಾಡ, ಹಾಲಿ ಅಮೆರಿಕದ ಕ್ಯಾಂಟನ್, ಸದ್ಯಕ್ಕೆ ಬೇಸ್‌ಮೆಂಟಿನ ಸೋಫಾ.

ಗೆ: ಶ್ರೀಮತಿ ಶಾಂಭವಿ, ಅರ್ಜಿದಾರನ ಧರ್ಮಪತ್ನಿ, ಅದೇ ಮನೆ, ಮೇಲಿನ ಮಹಡಿ.

ವಿಷಯ: ನಿಲ್ಲಿಸಲಾದ ಸನ್ನೆಗಳನ್ನು ಮತ್ತೆ ಆರಂಭಿಸುವ ಬಗ್ಗೆ.

ಉಲ್ಲೇಖ: ಲಿಸ್ಲ್‌ನಿಂದ ಮರಳುವಾಗ ಕಾರಿನಲ್ಲಿ ಹೊರಡಿಸಿದ ತಮ್ಮ ಮೌಖಿಕ ಆದೇಶ.

ಮಾನ್ಯರೇ,

೧. ಕಳೆದ ಶನಿವಾರ ಲಿಸ್ಲ್‌ನ ಕೇಶವ್ ಮತ್ತು ಸುಚೇತಾ ದಂಪತಿಗಳ ಮನೆಯಲ್ಲಿ ಕಾಲೇಜ್ ಫುಟ್‌ಬಾಲ್ ನೋಡುತ್ತಿದ್ದಾಗ, ಎದುರಾಳಿ ಕೋಚ್ ತನ್ನ ಆಟಗಾರರಿಗೆ ಮಾಡುವ ಕೈಸನ್ನೆಯನ್ನು ಕದ್ದು ಓದುವುದು ಮೋಸವೇ ಎಂಬ ಚರ್ಚೆ ಎದ್ದಿತು. ಕೇಶವ್ "ಮೋಸಾನೇ" ಎಂದರು. ಅರ್ಜಿದಾರನು, "ಇಡೀ ಸ್ಟೇಡಿಯಂ ಮುಂದ ಕೈ ಬೀಸಿದ್ರ ನೋಡ್ದವಂದೇನ್ ತಪ್ಪು?" ಎಂದು ವಾದಿಸಿದನು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಈ ಅರ್ಜಿಯ ಪ್ರಮೇಯವೇ ಬರುತ್ತಿರಲಿಲ್ಲ.

೨. ಅದೇ ಹೊತ್ತಿಗೆ ಕೇಶವ್, "ಇನ್ನೊಂದ್ ಹೋಳಿಗೆ ಹಾಕಿಸ್ಕೊಳ್ಳಿ, ಸಂಕೋಚ ಬೇಡ" ಎಂದು ಎಲ್ಲರಿಗೂ ಉಪಚಾರ ಮಾಡತೊಡಗಿದರು. ಸುಚೇತಾ ಗಂಡನತ್ತ ನೋಡಿ ಕಿವಿಯೋಲೆ ಮುಟ್ಟಿಕೊಂಡರು. ವಾದ ಗೆಲ್ಲುವ ಹುಮ್ಮಸ್ಸಿದ್ದ ಕಾರಣ ಅರ್ಜಿದಾರನು, "ನೋಡ್ರಿ, ಓಲೆ ಮುಟ್ಟಿದ್ರು. ಹೋಳಿಗಿ ಮುಗದಾವು, ಬಲವಂತ ಮಾಡಬ್ಯಾಡ್ರಿ ಅಂತ ಅರ್ಥ" ಎಂದು ಸಭೆಗೆ ವಿವರಿಸಿದನು. ಚಾಚಿದ್ದ ತಟ್ಟೆಗಳು ಹಿಂದೆ ಸರಿದವು. ಸುಚೇತಾ ಮುಖ ಕೆಂಪಾಯಿತು. ಟಿವಿಯಲ್ಲಿ ಟಚ್‌ಡೌನ್ ಆದರೂ ಯಾರೂ ಚಪ್ಪಾಳೆ ತಟ್ಟಲಿಲ್ಲ.

೩. ಸದರಿ ಸನ್ನೆಯನ್ನು ಅರ್ಜಿದಾರನು ಸ್ವಂತ ಬುದ್ಧಿಯಿಂದ ಓದಿದ್ದಲ್ಲ. ಅದರ ಗುಟ್ಟನ್ನು ಗೆಳತಿಯೆಂದು ಸುಚೇತಾ ತಮಗೆ ಹೇಳಿದ್ದರು, ಗಂಡನೆಂದು ತಾವು ಅವನಿಗೆ ಹೇಳಿದ್ದಿರಿ. ಆ ಕಾರಣ, ಕಾರು ಇಂಡಿಯಾನಾ ರಾಜ್ಯ ದಾಟುವಾಗ ತಾವು ಆದೇಶಿಸಿದಿರಿ: "ಕಂಡದ್ದು ಓದೂದು ಬ್ಯಾರೆ, ನಂಬಿ ಹೇಳಿದ್ದು ಡಂಗುರ ಸಾರೂದು ಬ್ಯಾರೆ. ಇನ್ನ ಮ್ಯಾಲ ನಿಮಗ ನನ್ನ ಸನ್ನಿ ಬಂದ್."

೪. ಆದೇಶ ಜಾರಿಯಾದ ಪರಿಣಾಮ, ನಿನ್ನೆ ಸ್ನೇಹಿತರಾದ ಭಾನು ಅವರ ಮನೆಯಲ್ಲಿ ಅರ್ಜಿದಾರನು ತನ್ನ ಕಿಡ್ನಿ ಸ್ಟೋನಿನ ಕಥೆಯನ್ನು ಊಟದ ನಡುವೆ ಎರಡು ಸಲ ಹೇಳಿದನು. ತಾವು ಒಮ್ಮೆ ಕಣ್ಣು ಬಿಟ್ಟಿದ್ದರೆ ಮೊದಲ ವಾಕ್ಯಕ್ಕೇ ನಿಲ್ಲಿಸುತ್ತಿದ್ದನು. ಎಲ್ಲರೂ ಎದ್ದ ಮೇಲೂ ಕೂತೇ ಇದ್ದನು. ಆಗಾಗ ತಮ್ಮತ್ತ ನೋಡಿದನು, ತಾವು ಟಿವಿ ನೋಡುತ್ತಿದ್ದಿರಿ. ಅಷ್ಟು ಜನರ ನಡುವೆ ತನ್ನನ್ನು ಕಾಯುವ ಒಂದು ಜೊತೆ ಕಣ್ಣೂ ಇಲ್ಲವಲ್ಲ ಎಂದು ಅವನಿಗೆ ಬಹಳ ಸಂಕಟವಾಯಿತು.

ಆದ್ದರಿಂದ, ತಾನು ಮಾಡಿದ್ದು ಮೋಸವೇ ಎಂದು ಒಪ್ಪಿಕೊಂಡು, ಸುಚೇತಾ ಅವರಲ್ಲೂ ಕ್ಷಮೆ ಕೇಳಿ, ಅರ್ಜಿದಾರನು ಇದನ್ನು ಸಲ್ಲಿಸಿದ್ದಾನೆ.

ವಿಶ್ವಾಸ ಕಳೆದುಕೊಂಡ, ಆದರೂ ತಮ್ಮ,
ಕಲ್ಮೇಶ್

ಲಗತ್ತು: ಸುಚೇತಾ ಅವರ ಉತ್ತರದ ಸ್ಕ್ರೀನ್‌ಶಾಟ್. "ಪರವಾಗಿಲ್ಲ ಬಿಡಿ, ನಾವು ಬೇರೆ ಸನ್ನೆ ಇಟ್ಕೊಂಡಿದೀವಿ."

ವಿ.ಸೂ.: ಸನ್ನೆ ಕೊಡಲು ಇನ್ನೂ ಮನಸ್ಸಿಲ್ಲದಿದ್ದಲ್ಲಿ, ಮುಂದಿನ ಶನಿವಾರದಿಂದ ಅರ್ಜಿದಾರನನ್ನು ಎಲ್ಲರೆದುರು ಬಾಯಿಬಿಟ್ಟು ಬೈಯಬೇಕಾಗಿ ಕೋರಿಕೆ.