ಕೊನೆಯ ಡಬ್ಬಿಯ ಪ್ರಾಚೀನ ಇತಿಹಾಸ

ಒಂದೇ ವಾರದಲ್ಲಿ ಒಂದು ಇಡೀ ನಾಗರಿಕತೆಯನ್ನು ಹುಟ್ಟಿಸಿ, ಬೆಳೆಸಿ, ಸುಳಿವೇ ಸಿಗದ ಹಾಗೆ ಮಾಯ ಮಾಡಿ ತೋರಿಸ್ತೀನಿ ಅಂತ ಅಮೆರಿಕದ ಹ್ಯಾರಿಸನ್ ಊರಿನ ನಮ್ಮ ಅಪಾರ್ಟ್‌ಮೆಂಟಿನ ಕಾಮನ್ ರೂಮಿನಲ್ಲಿ ನಿಂತು ಘೋಷಿಸಿದೆ. ಕೇಳಿಸಿಕೊಂಡವರು ಮೂರೇ ಜನ. ಆದರೂ ಘೋಷಣೆ ಘೋಷಣೆಯೇ!

ಆ ಮೂವರು ಸಿದ್, ತಾನ್ಯಾ, ವೇದ್. ಇಲ್ಲೇ ಹುಟ್ಟಿ ಬೆಳೆದು, ಈಗಷ್ಟೇ ಕೆಲಸಕ್ಕೆ ಸೇರಿದವರು. ಕನ್ನಡ ಅರ್ಥವಾಗುತ್ತೆ, ಓದೋಕೆ ಬರಲ್ಲ, ಉತ್ತರ ಅರ್ಧಕ್ಕರ್ಧ ಇಂಗ್ಲಿಷಿನಲ್ಲಿ. ನನಗಿನ್ನೂ ಮೂವತ್ತಾರು, ಅವರ ಬಾಯಲ್ಲಿ ಆಗಲೇ ಅಂಕಲ್. ಪ್ರತಿ ಶನಿವಾರ ಬೆಳಿಗ್ಗೆ ಇವರದ್ದೊಂದು ಆಟ. ಒಬ್ಬ ಯಾವುದೋ ಮಾಯಾಲೋಕದ ಕಥೆ ಹೇಳಬೇಕು, ಉಳಿದವರು ಅದರೊಳಗೆ ವೀರರಾಗಿ ನುಗ್ಗಬೇಕು. ಗೆದ್ದರೋ ಸೋತರೋ ಅಂತ ಹೇಳೋಕೆ ಇಪ್ಪತ್ತು ಮುಖದ ದಾಳ ಒಂದಿದೆ.

ನಾನು ಅಲ್ಲಿಗೆ ಸೇರಿದ್ದಕ್ಕೆ ಕಾರಣ ಮನೆಯಲ್ಲಿ ಹೊಗೆ ಕಂಡರೆ ಕೂಗೋ ಸ್ಮೋಕ್ ಅಲಾರ್ಮ್. ಹೆಂಡತಿ ಲಾವಣ್ಯಾ ತಮ್ಮನ ಮದುವೆಗೆ ಅಂತ ಮೂರು ವಾರಕ್ಕೆ ಮೈಸೂರಿಗೆ ಹೋದವಳು, ವಾಪಸ್ ಬರೋಕೆ ಬೇಕಾದ ವೀಸಾ ಸ್ಟ್ಯಾಂಪಿಂಗ್ ಆಗದೆ ಅಲ್ಲೇ ಸಿಕ್ಕಿಹಾಕಿಕೊಂಡು ಐದು ತಿಂಗಳಾಗಿತ್ತು. ಶುಕ್ರವಾರ ಸಂಜೆ ಆಫೀಸಿನಲ್ಲಿ 'ಹ್ಯಾವ್ ಎ ಗುಡ್ ವೀಕೆಂಡ್' ಅಂದರೆ, ಆಮೇಲೆ ಎದುರಿಗಿರೋ ಮನುಷ್ಯರ ಜೊತೆ ಮಾತಾಡ್ತಿದ್ದದ್ದು ಸೋಮವಾರಾನೇ. ಒಂದು ಭಾನುವಾರ ಅಲಾರ್ಮು ಬ್ಯಾಟರಿ ಮುಗಿದು ಕುಂಯ್ ಅಂದಾಗ ನಾನು, "ಆಯ್ತಪ್ಪ, ಹಾಕ್ತೀನಿ. ಊಟ ಆಯ್ತಾ ನಿಂದು?" ಅಂತ ಕೇಳಿಬಿಟ್ಟೆ. ಕೇಳಿದ ಮೇಲೆ ನನಗೇ ಭಯವಾಯ್ತು. ಮರುದಿನವೇ ಲಿಫ್ಟಿನಲ್ಲಿ ಆಟದ ಚೀಟಿ ನೋಡಿ ಹೆಸರು ಕೊಟ್ಟೆ.

"ಅಂಕಲ್, ವಿ ನೀಡ್ ಏನ್ಶಿಯಂಟ್ ಒರಿಜಿನ್ಸ್" ಅಂದ ಸಿದ್. "ಮಿಸ್ಟೀರಿಯಸ್ ಆಗಿರಬೇಕು. ಪ್ರಾಪ್ಸ್, ಕೈಯಲ್ಲಿ ಹಿಡಿದು ತೋರಿಸೋ ಸಾಮಾನು ಇದ್ದರೆ ಇನ್ನೂ ಬೆಸ್ಟ್."

"ಪ್ರಾಚೀನತೆ ವಿಷಯದಲ್ಲಿ ನನಗೆ ಹೇಳಿಕೊಡ್ತೀಯೇನಪ್ಪ? ನಾನು ಮೈಸೂರಿನವನು" ಅಂದೆ.

ಏನು ಸಂಬಂಧ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆದರೆ ಮನೆಗೆ ಬಂದು ಕೂತರೆ ತಲೆ ಪೂರ್ತಿ ಖಾಲಿ. ಒಬ್ಬ ರಾಜನ ಹೆಸರೂ ಹೊಳೆಯಲಿಲ್ಲ. ಐಸ್ ತಗೊಳ್ಳೋಣ ಅಂತ ಫ್ರೀಜರ್ ತೆಗೆದೆ. ಅಲ್ಲಿತ್ತು ನೋಡಿ, ನನ್ನ ನಾಗರಿಕತೆ!

ಲಾವಣ್ಯಾ ಹೊರಡೋ ಹಿಂದಿನ ದಿನ, ನಾನು ಆಫೀಸಿನಿಂದ ಬರೋದರೊಳಗೆ ಖಾಲಿ ಮೊಸರಿನ ಡಬ್ಬಿಗಳಲ್ಲಿ ಹುಳಿ ತುಂಬಿ ಫ್ರೀಜರಿನಲ್ಲಿ ಜೋಡಿಸಿದ್ದಳು. ಒಟ್ಟು ಹನ್ನೆರಡು. ಹನ್ನೊಂದನ್ನು ಎರಡು ವಾರಕ್ಕೊಂದರಂತೆ ಜಿಪುಣನ ಹಾಗೆ ಮುಗಿಸಿದ್ದೆ. ಪ್ರತಿ ಸಲ ತಿಂದಾದ ಮೇಲೆ ಫೋನ್ ಮಾಡಿ, "ಈ ಕೈರುಚಿ ಪ್ರಪಂಚದಲ್ಲಿ ಇನ್ಯಾರಿಗೂ ಬರಲ್ಲ ಕಣೇ. ಕಣ್ಣು ಕಟ್ಟಿ ಬಡಿಸಿದರೂ ನಿಂದೇ ಅಂತ ಹೇಳ್ತೀನಿ" ಅಂತಿದ್ದೆ. ಹನ್ನೆರಡನೆಯದರ ಮೇಲೆ ಮಾತ್ರ ಅವಳ ಕೈಬರಹದಲ್ಲಿ ಒಂದು ಚೀಟಿ ಅಂಟಿಸಿತ್ತು. 'ಕೊನೇದು. ಇದು ಮುಗಿಯೋದ್ರೊಳಗೆ ಬಂದಿರ್ತೀನಿ.'

ನಾನು ಮುಟ್ಟಿರಲಿಲ್ಲ. ಇದನ್ನು ತಿಂದುಬಿಟ್ಟರೆ ಅವಳ ಮಾತು ಸುಳ್ಳಾಗುತ್ತಲ್ಲ! ಡಬ್ಬಿ ಇರೋವರೆಗೆ ಅವಳು ಬರೋದು ಬಾಕಿ ಇದೆ, ಅಷ್ಟೇ. ಎಂ.ಟೆಕ್ ಮಾಡಿದವನ ಲೆಕ್ಕಾಚಾರ ಇದು. ನಗೋರು ನಗಬಹುದು.

ಶನಿವಾರ ಆ ಡಬ್ಬಿಯನ್ನು ರೇಷ್ಮೆ ಟವಲಿನಲ್ಲಿ ಸುತ್ತಿ ಮೇಜಿನ ಮೇಲಿಟ್ಟು ಗಂಟಲು ಸರಿಮಾಡಿಕೊಂಡೆ. "ಏಳು ಸಾವಿರ ವರ್ಷಗಳ ಹಿಂದೆ ಹಿಮಗರ್ಭ ಅನ್ನೋ ರಾಜ್ಯವಿತ್ತು. ಅದರ ರಾಣಿ ಒಂದು ದಿನ ಸಮುದ್ರದಾಚೆ ಹೋದಳು. ಹೋಗುವಾಗ ಹನ್ನೆರಡು ಪಾತ್ರೆಗಳಲ್ಲಿ ಅಮೃತ ತುಂಬಿಟ್ಟಳು. ಪ್ರಜೆಗಳು ಹನ್ನೊಂದನ್ನು ಕುಡಿದರು. ಹನ್ನೆರಡನೆಯದನ್ನು ಮಾತ್ರ ತೆರೆಯಲಿಲ್ಲ. ತೆರೆದರೆ ರಾಣಿ ವಾಪಸ್ ಬರಲ್ಲ ಅಂತ ನಂಬಿ, ಅದರ ಸುತ್ತ ಕೂತು ಕಾಯ್ತಾ ಕಾಯ್ತಾ ನಿರ್ನಾಮವಾದರು."

ಮೂವರೂ ಉಸಿರು ಬಿಗಿಹಿಡಿದು ಕೇಳಿದರು. ಐದು ತಿಂಗಳಲ್ಲಿ ನನ್ನ ಮಾತನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯ್ತೆಂದರೆ ಇನ್ನೆರಡು ಸಾವಿರ ವರ್ಷ ಸೇರಿಸಿದೆ.

"ಊಟ ಎದುರಿಗಿಟ್ಟುಕೊಂಡು ಸತ್ತರಾ?" ಅಂದ ವೇದ್. "ದೋಸ್ ಪೀಪಲ್ ವರ್ ಸೋ ಸ್ಟುಪಿಡ್."

"ಅವರ ಕಷ್ಟ ಅವರಿಗೆ ಗೊತ್ತು" ಅಂದೆ, ಸ್ವಲ್ಪ ಗಡುಸಾಗಿಯೇ.

ತಾನ್ಯಾ ಟವಲು ಸರಿಸಿ ಚೀಟಿಯ ಮೇಲೆ ಬೆರಳಾಡಿಸಿದಳು. "ವಾಟ್ ಡಸ್ ಇಟ್ ಸೇ?"

"ಶಾಪ. ಅದನ್ನು ಗೆಲ್ಲಬೇಕಾದರೆ ದಾಳದಲ್ಲಿ ಇಪ್ಪತ್ತೇ ಬೀಳಬೇಕು. ದಿನಕ್ಕೆ ಒಬ್ಬರಿಗೆ ಒಂದೇ ಸಲ. ಗೆದ್ದವರಿಗೆ ಪಾತ್ರೆ, ಚೀಟಿ ಎರಡೂ ಸ್ವಂತ. ದಾಳ ಹೇಳಿದ್ದೇ ಕಾನೂನು, ಅದನ್ನು ಮೀರೋ ಅಧಿಕಾರ ನನಗೂ ಇಲ್ಲ!" ಇಪ್ಪತ್ತು ಅಷ್ಟು ಸುಲಭಕ್ಕೆ ಬೀಳಲ್ಲ ಅನ್ನೋ ಧೈರ್ಯದಲ್ಲಿ ಎರಡೂ ಕೈ ಎತ್ತಿ ಹೇಳಿದೆ.

ಅಷ್ಟರಲ್ಲಿ ಲಾವಣ್ಯಾಳ ಫೋನು. ಕಾಮನ್ ರೂಮಿನಲ್ಲಿ ಸಿಗ್ನಲ್ ಸರಿಯಾಗಿ ಸಿಗಲ್ಲ, ಲಾಬಿಗೆ ಓಡಿದೆ. ಎಂದಿನಂತೆ ವೀಸಾ ಇನ್ನೂ ಪರಿಶೀಲನೆಯಲ್ಲಿದೆ ಅಂದಳು. ಎಂದಿನಂತೆ ನಾನು, "ಪರವಾಗಿಲ್ಲ, ಆರಾಮಾಗಿದ್ದೀನಿ" ಅಂದೆ. ಹತ್ತು ನಿಮಿಷ ಬಿಟ್ಟು ವಾಪಸ್ ಬಂದು ಬಾಗಿಲು ತೆರೆದರೆ ಇಂಗಿನ ಒಗ್ಗರಣೆಯ ಘಮ. ಮೂಲೆಯಲ್ಲಿ ಮೈಕ್ರೋವೇವ್ ಬಾಗಿಲು ತೆರೆದಿತ್ತು. ಮೂವರು ವೀರರೂ ಡಬ್ಬಿಯ ಸುತ್ತ ಕೂತು ಟಾರ್ಟಿಯಾ ಚಿಪ್ಸ್ ಅದ್ದಿಕೊಂಡು ತಿನ್ನುತ್ತಿದ್ದರು.

"ಅಂಕಲ್, ಇಪ್ಪತ್ತು ಬಿತ್ತು" ಅಂದಳು ತಾನ್ಯಾ, ತುಟಿ ಒರೆಸಿಕೊಳ್ಳುತ್ತಾ. "ರಿಯಲ್ ಫುಡ್ ಪ್ರಾಪ್. ಯು ಆರ್ ದ ಬೆಸ್ಟ್."

"ಉಪ್ಪು ಸ್ವಲ್ಪ ಜಾಸ್ತಿ" ಅಂದ ವೇದ್.

ಅವರನ್ನು ಬೈಯೋಣ ಅಂದರೆ ಕಾನೂನು ಮಾಡಿದವನು ನಾನೇ. ತಳದಲ್ಲಿ ಒಂದು ಹೋಳು ಕುಂಬಳಕಾಯಿ ಉಳಿದಿತ್ತು. ಅದನ್ನೂ ಸಿದ್ ನನ್ನ ಕಣ್ಣೆದುರಿಗೇ ಬಾಯಿಗೆ ಹಾಕಿಕೊಂಡ. ನಾನು ಲಾಬಿಗೆ ಬಂದು ಮತ್ತೆ ಮೈಸೂರಿಗೆ ಫೋನ್ ಮಾಡಿದೆ.

"ಲಾವಣ್ಯಾ, ಕೊನೇ ಡಬ್ಬಿ ಹೋಯ್ತು ಕಣೇ."

"ಎಲ್ಲಿಗೆ ಹೋಯ್ತು?"

ನಡೆದದ್ದೆಲ್ಲ ಹೇಳಿದೆ. "ಅದು ಮುಗಿಯೋದ್ರೊಳಗೆ ಬರ್ತೀನಿ ಅಂದಿದ್ದೆ. ಅದಕ್ಕೇ ಇಟ್ಟುಕೊಂಡಿದ್ದೆ. ಇಲ್ಲಿ ತುಂಬಾ ಬೇಜಾರು ಕಣೇ. ಆರಾಮಾಗಿದ್ದೀನಿ ಅಂತ ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು."

"ಸಾಗರ್, ನಾನೂ ಒಂದು ಸುಳ್ಳು ಹೇಳಿದ್ದೀನಿ" ಅಂದಳು. "ಆ ಹುಳಿ ನಾನು ಮಾಡಿದ್ದಲ್ಲ."

"ಏನು?"

"ಪ್ಯಾಕಿಂಗೇ ಮುಗಿದಿರಲಿಲ್ಲ, ಅಡುಗೆಗೆ ಟೈಮೆಲ್ಲಿತ್ತು? ಎಡಿಸನ್ ಊರಿನಲ್ಲಿ ಕೇಟರಿಂಗ್ ಮಾಡ್ತಾರಲ್ಲ ಶೈಲಮ್ಮ ಆಂಟಿ, ಅವರ ಹತ್ತಿರ ಒಂದು ಟ್ರೇ ತರಿಸಿ ಡಬ್ಬಿಗೆ ತುಂಬಿದೆ."

"ಹನ್ನೆರಡೂ?"

"ಹನ್ನೆರಡೂ."

"ನಾನು ಕೈರುಚಿ, ಕೈರುಚಿ ಅಂತ ಐದು ತಿಂಗಳು ಹಾಡಿ ಹೊಗಳಿದೆನಲ್ಲೇ! ಆಗಲೇ ಹೇಳೋದಲ್ವಾ?"

"ಮೊದಲನೇ ಡಬ್ಬಿ ತಿಂದು ಅಳ್ತಾ ಫೋನ್ ಮಾಡಿದೆ ನೀನು. ಆಮೇಲೆ ಹೇಗೋ ಹೇಳಲಿ?"

ಒಂಬತ್ತು ಸಾವಿರ ವರ್ಷದ ಇತಿಹಾಸ ಕಟ್ಟಿದವನಿಗೆ, ತನ್ನದೇ ಫ್ರೀಜರಿನ ಐದು ತಿಂಗಳ ಇತಿಹಾಸ ಗೊತ್ತಿರಲಿಲ್ಲ.

"ಹಾಗಾದರೆ ಆ ಡಬ್ಬಿಯಲ್ಲಿ ನಿಂದು ಅನ್ನೋದು ಏನಿತ್ತು?"

"ಚೀಟಿ" ಅಂದಳು.

ಫೋನ್ ಹಿಡಿದುಕೊಂಡೇ ಒಳಗೆ ಓಡಿದೆ. ಡಬ್ಬಿ ಕಸದ ಬುಟ್ಟಿ ಸೇರಿತ್ತು. ಬಗ್ಗಿ ತೆಗೆದು ನೋಡಿದರೆ ಚೀಟಿ ಇಲ್ಲ. ತಾನ್ಯಾ ಆಗಲೇ ಅದನ್ನು ಬಿಡಿಸಿ ತನ್ನ ನೋಟ್‌ಬುಕ್ಕಿನ ಮೇಲೆ ಚೆಂದವಾಗಿ ಅಂಟಿಸಿಕೊಂಡಿದ್ದಳು.

"ಅದು ನನಗೆ ಬೇಕಿತ್ತಮ್ಮ" ಅಂದೆ.

"ಶ್ಯೂರ್ ಅಂಕಲ್" ಅಂತ ಕೈಗೆ ದಾಳ ಕೊಟ್ಟಳು. ಆಟ ಇನ್ನೂ ನಡೀತಿದೆ ಅಂತ ಅವಳ ಎಣಿಕೆ. "ಇಪ್ಪತ್ತು ಬೀಳಬೇಕು. ದಿನಕ್ಕೆ ಒಂದೇ ಸಲ. ಯು ಸೆಡ್ ಇಟ್."

ನನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದು ಎಸೆದೆ. ಮೂರು ಬಿತ್ತು.

ತಲೆ ಬಗ್ಗಿಸಿಕೊಂಡು ಮತ್ತೆ ಲಾಬಿಗೆ ಬಂದು ಲಾವಣ್ಯಾಗೆ ಅದನ್ನೂ ಹೇಳಿದೆ. ನಕ್ಕಳು. ಅವಳು ಹಾಗೆ ನಕ್ಕಿದ್ದು ಕೇಳಿ ತಿಂಗಳುಗಳೇ ಆಗಿತ್ತು.

"ಹೋಗಲಿ ಬಿಡೋ. ಬಂದಮೇಲೆ ಇನ್ನೊಂದು ಬರೆದುಕೊಡ್ತೀನಿ."

"ಯಾವಾಗ ಬರ್ತೀಯಾ?"

ನಗು ನಿಂತಿತು. ಅವಳ ಅಮ್ಮ ಒಳಗಡೆ ಯಾರನ್ನೋ ಊಟಕ್ಕೆ ಕರೆಯೋದು ಕೇಳಿಸಿತು.

"ನಾಳೆ ಇನ್ನೊಂದು ಸಲ ದಾಳ ಹಾಕಿ ನೋಡು" ಅಂದಳು.