ಡಬ್ಬಿಯ ತಳದಲ್ಲೊಂದು ನಂಬರು

ಹೆಂಗಸರ ಆಸ್ತಿ ಬಂಗಾರ ಎನ್ನುವವರು ಮುಂಬಯಿಯ ಅಡುಗೆಮನೆಯೊಳಗೆ ಒಮ್ಮೆಯೂ ಇಣುಕಿದವರಲ್ಲ. ಬಂಗಾರ ಬ್ಯಾಂಕಿನ ಲಾಕರಿನಲ್ಲಿರುತ್ತದೆ, ಯಾರದೋ ಮದುವೆಗೆ ಹೊರಗೆ ಬಂದು ಮರುದಿನ ಒಳಗೆ ಹೋಗುತ್ತದೆ. ದಿನವೂ ಕೈಗೆ ಸಿಗುವ, ಮುಚ್ಚಳ ಕಳೆದು ಅಳಿಸುವ, ಅದೇ ಮುಚ್ಚಳ ಮಂಚದಡಿಯಲ್ಲಿ ಸಿಕ್ಕಿ ನಗಿಸುವ ಆಸ್ತಿ ಎಂದರೆ ಡಬ್ಬಿ. ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಪುಟ್ಟ ಮನೆಯಲ್ಲಿ ನಮಗೆ ಕಾಲು ಚಾಚಲು ಜಾಗವಿಲ್ಲದಿದ್ದರೂ ಡಬ್ಬಿಗಳಿಗೆ ಕೊರತೆ ಮಾಡಿದವಳಲ್ಲ ನಾನು. ಐಸ್‌ಕ್ರೀಮ್ ತಿಂದು ತೊಳೆದಿಟ್ಟ ಡಬ್ಬಿ, ಮುಂಜಿಯಲ್ಲಿ ಲಾಡು ತುಂಬಿ ಕೊಟ್ಟ ಡಬ್ಬಿ, ಹಳೆ ಬಟ್ಟೆಗೆ ಪಾತ್ರೆ ಕೊಡುವವಳ ಜೊತೆ ಮೆಟ್ಟಿಲ ಮೇಲೆ ಕೂತು ಜಗಳವಾಡಿ, ನಮ್ಮವರ ಟೆರಿಕಾಟ್ ಪ್ಯಾಂಟು ಕೊಟ್ಟು ಗಿಟ್ಟಿಸಿದ ಡಬ್ಬಿ. ಆ ಪ್ಯಾಂಟು ಅವರಿಗೆ ಇನ್ನೂ ಬೇಕಿತ್ತಂತೆ. ಬೇಕಿದ್ದರೆ ಹಾಕಿಕೊಂಡಿರಬೇಕಿತ್ತು, ಹ್ಯಾಂಗರಿನಲ್ಲಿ ತೂಗುಹಾಕಿದರೆ ನನಗೇನು ಕನಸು ಬೀಳುತ್ತದೆಯೇ?

ಇಂಥ ನನ್ನ ಸಂಸ್ಥಾನಕ್ಕೆ ಸಂಚಕಾರ ಬಂದದ್ದು ಮೊಮ್ಮಗಳಿಂದ. ಪಾಪ, ಅವಳಿಗೆ ಇನ್ನೂ ಕೂರಲು ಬರುವುದಿಲ್ಲ, ಅವಳ ಮೇಲೆ ತಪ್ಪು ಹೊರಿಸಬಾರದು. ಬಂದದ್ದು ಅವಳ ತಾಯಿ, ಅಂದರೆ ನನ್ನ ಸೊಸೆ ಮಾನಸಿಯಿಂದ. ಹುಟ್ಟಿ ಬೆಳೆದದ್ದೆಲ್ಲ ವಿಲೆ ಪಾರ್ಲೆಯಲ್ಲಿ. ತಂದೆತಾಯಿ ಕುಂದಾಪುರದವರಾದರೂ ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಯ ಲೋಕಲ್ ಹತ್ತಿಬಿಡುತ್ತದೆ. ಹೆರಿಗೆಯ ರಜೆ ಮುಗಿಯುತ್ತ ಬಂದಿತ್ತು. ವಿಕ್ರೋಳಿಯ ಆಫೀಸಿಗೆ ಮರಳಬೇಕು. ಮಗುವನ್ನು ನೋಡಿಕೊಳ್ಳುವವರು ಯಾರು? ನಾನು ಇದ್ದೇನಲ್ಲ, ಕೇಳುವ ಪ್ರಶ್ನೆಯೇ ಅಲ್ಲ ಎಂದುಕೊಂಡಿದ್ದೆ. ಒಂದು ಸಂಜೆ ಅವಳು ನನ್ನ ಪಕ್ಕ ಬಂದು ಕೂತು, "ಅತ್ತೆ, ನೀವು ಬೇಜಾರ್ ಮಾಡ್ಬೇಡಿ ಹಾಂ. ನಮ್ಮ ಆಫೀಸ್ ಹತ್ರ ಒಂದು ಕ್ರೆಶ್ ಉಂಟು. ಅಲ್ಲಿ ಸಬ್ ಕುಛ್ ಸ್ಟೀಲ್ ಮತ್ತು ಗ್ಲಾಸ್. ನಮ್ಮ ಕಿಚನ್‌ನಲ್ಲಿ ಇಷ್ಟೆಲ್ಲಾ ಪ್ಲಾಸ್ಟಿಕ್ ಇದೆ ನಾ, ನನಗೆ ಟೆನ್ಶನ್ ಆಗ್ತದೆ" ಎಂದಳು.

ಅಜ್ಜಿ ಮನೆಯಲ್ಲಿ ಗುಂಡುಕಲ್ಲಿನ ಹಾಗೆ ಕೂತಿರುವಾಗ ಮೊಮ್ಮಗಳು ಕ್ರೆಶ್‌ಗೆ ಹೋಗುವುದೆಂದರೆ ನನ್ನ ಕೆನ್ನೆಗೆ ಬಾರಿಸಿದ ಹಾಗಲ್ಲವೇ? ಮುಚ್ಚುಮರೆ ಏಕೆ, ನನಗೆ ಆ ಮಗು ಬೇಕು. ಅದರ ತಲೆಯ ಎಣ್ಣೆಯ ವಾಸನೆ ಬೇಕು, ನನ್ನ ಕನ್ನಡಕ ಎಳೆಯುವ ಅದರ ಕೈ ಬೇಕು. "ಪ್ಲಾಸ್ಟಿಕ್ ತೆಗೆದರೆ ಆಯ್ತಲ್ಲ ಮಗಾ, ತೆಗೆಯುವಾ" ಎಂದೆ, ತೆಗೆಯುವುದೆಂದರೆ ಏನೆಂದು ಗೊತ್ತಿಲ್ಲದೆ.

ಅಲ್ಲಿಂದ ನನ್ನ ವಿದ್ಯಾಭ್ಯಾಸ ಶುರುವಾಯಿತು. ಪ್ಲಾಸ್ಟಿಕ್ಕಿಗೆ ಬಿಸಿ ತಾಗಿದರೆ ಅದರೊಳಗಿನ ಕೆಮಿಕಲ್ಲು ಊಟಕ್ಕೆ ಇಳಿಯುತ್ತದಂತೆ, ಎಳೆ ಮಕ್ಕಳ ಹಾರ್ಮೋನಿಗೆ ಅದು ಒಳ್ಳೆಯದಲ್ಲವಂತೆ. ಇಷ್ಟು ಅರ್ಥವಾಯಿತು. ಆಮೇಲೆ ಅವಳು ಡಬ್ಬಿಯ ತಳ ತಿರುಗಿಸಿ ತೋರಿಸಿದಳು. ಇಷ್ಟು ವರ್ಷ ಡಬ್ಬಿ ತೊಳೆದ ನಾನು ಅಲ್ಲೊಂದು ತ್ರಿಕೋನ, ಅದರೊಳಗೊಂದು ನಂಬರು ಇರುವುದನ್ನು ನೋಡಿಯೇ ಇರಲಿಲ್ಲ. ಮೂರು, ಆರು, ಏಳು ಬೇಡವೇ ಬೇಡ. ಎರಡು, ನಾಲ್ಕು ಪರವಾಗಿಲ್ಲ. ಐದು ಒಳ್ಳೆಯದು, ಆದರೆ ಅದಕ್ಕೂ ಬಿಸಿ ಹಾಕದಿದ್ದರೆ ಇನ್ನೂ ಒಳ್ಳೆಯದು. ಒಂದನ್ನು ಒಮ್ಮೆ ಬಳಸಿ ಬಿಡಬೇಕು. ಗೀರು ಬಿದ್ದಿದ್ದರೆ ಯಾವ ನಂಬರಾದರೂ ಹೊರಗೆ. ಮಗನ ಮದುವೆಗೆ ಜಾತಕ ನೋಡುವಾಗಲೂ ನನಗೆ ಇಷ್ಟು ತಲೆ ತಿರುಗಿರಲಿಲ್ಲ. ಅಲ್ಲಿ ಏಳನೇ ಮನೆಯೊಂದನ್ನು ನೋಡಿದರೆ ಸಾಕಿತ್ತು, ದೋಷವಿದ್ದರೆ ಶಾಂತಿ ಮಾಡಿಸುವುದಕ್ಕೂ ದಾರಿಯಿತ್ತು.

ಅಂಗಡಿಯವನ ಹತ್ತಿರ ಕೇಳೋಣವೆಂದು ಹೋದರೆ ಅವನು ಒಂದು ಹಾಲಿನ ಬಾಟಲಿ ತೋರಿಸಿ, "ಆಂಟಿ, ಇದರಲ್ಲಿ ಬಿಪಿಎ ಅನ್ನೋ ಆ ಕೆಮಿಕಲ್ ಇಲ್ಲ, ಕಣ್ಣು ಮುಚ್ಚಿ ತಗೊಳ್ಳಿ" ಎಂದ. ಸಂತೋಷದಿಂದ ಬಂದು ಸೊಸೆಗೆ ಹೇಳಿದೆ. ಅದನ್ನು ತೆಗೆದು ಅದರದೇ ಅಣ್ಣನೋ ತಮ್ಮನೋ ಆದ ಇನ್ನೊಂದನ್ನು ಹಾಕಿರುವುದೂ ಉಂಟು ಎಂದಳು. ಕೆಮಿಕಲ್ಲಿಗೂ ಕುಟುಂಬ, ದಾಯಾದಿಗಳು! ಕೊನೆಗೆ ಅವಳೇ ಸ್ಟೀಲಿನ ಬಾಟಲಿ ತಂದಳು. ಅದರ ತುದಿಯಲ್ಲಿದ್ದ ನಿಪ್ಪಲ್ಲು ಪ್ಲಾಸ್ಟಿಕ್ಕಿನ ಹಾಗೆಯೇ ಕಂಡಿತು. ಅದು ಸಿಲಿಕೋನಂತೆ, ಪ್ಲಾಸ್ಟಿಕ್ ಅಲ್ಲವಂತೆ. ಇರಲಿ. ಹಾಗಾದರೆ ಪ್ಲಾಸ್ಟಿಕ್ ಚೀಲದಲ್ಲಿ ಬರುವ ಹಾಲು? ತಾರಸಿಯ ಮೇಲೆ ಮೇ ತಿಂಗಳ ಬಿಸಿಲಲ್ಲಿ ಕುದಿಯುವ ಕರಿ ಟ್ಯಾಂಕಿನ ನೀರು? ಕೇಳಿದೆ. ಮಾನಸಿ, "ಎಲ್ಲಾ ಆಗೋದಿಲ್ಲ ಅತ್ತೆ. ಜಿತ್‌ನಾ ಹೋ ಸಕೇ ಉತ್‌ನಾ" ಎಂದಳು. ಆಗುವಷ್ಟು ಎಂದರೆ ಎಷ್ಟು? ಗೆರೆ ಎಲ್ಲಿ ಎಳೆಯಬೇಕು? ಅದನ್ನು ಮಾತ್ರ ಯಾರೂ ಹೇಳಲಿಲ್ಲ.

ನಮ್ಮವರ ಹತ್ತಿರ ಕೇಳಿ ಪ್ರಯೋಜನವಿರಲಿಲ್ಲ. ಅವರು ಪಾರ್ಲೆಯ ಹೋಟೆಲೊಂದರ ಗಲ್ಲಾದಲ್ಲಿ ಕೂತು ಮುದುಕರಾದವರು. "ಬಿಸಿ ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡೀ ಪಾರ್ಲೆಗೆ ಪಾರ್ಸೆಲ್ ಕೊಟ್ಟವ ನಾನು. ನಿನ್ನ ಸೊಸೆಯೂ ಸಣ್ಣದಿರುವಾಗ ಅದನ್ನೇ ತಿಂದಿರ್ಬಹುದು ಮಾರಾಯ್ತಿ" ಎಂದು ಪೇಪರು ಮಡಚಿದರು. ಈ ಮಾತನ್ನು ಸೊಸೆಯ ಕಿವಿಗೆ ಹಾಕಬೇಡಿ ಎಂದು ನಾನು ಅವರ ಕೈಕಾಲು ಹಿಡಿಯುವುದೊಂದು ಬಾಕಿ.

ಅಂತೂ ನಂಬರಿನ ಗೊಂದಲಕ್ಕೆ ನಾನೇ ಒಂದು ಪರಿಹಾರ ಕಂಡುಕೊಂಡೆ. ಒಳ್ಳೆಯದು ಕೆಟ್ಟದ್ದು ಎಂದು ಆರಿಸುವುದೇ ಬೇಡ, ಎಲ್ಲವನ್ನೂ ಕಳಿಸಿಬಿಡುವುದು. ಆದರೆ ಎಲ್ಲಿಗೆ? ಗಟ್ಟಿಮುಟ್ಟಾದ ಡಬ್ಬಿಯನ್ನು ಕಸಕ್ಕೆ ಎಸೆಯಲು ಕೈ ಬರುತ್ತದೆಯೇ? ಯಾರಿಗಾದರೂ ಕೊಡಬೇಕು. ಕೊಡುವಾಗ ಖಾಲಿ ಕೊಡಲಾದೀತೇ? ಅದು ನಮ್ಮ ಮನೆತನದಲ್ಲೇ ಇಲ್ಲ. ಸರಿ, ಕುಂಡೆ ನೋಯುವ ತನಕ ಕೂತು ರವೆ ಉಂಡೆ ಕಟ್ಟಿದೆ, ಕೋಡುಬಳೆ ಕರಿದೆ. ಒಂದೊಂದು ಡಬ್ಬಿಗೂ ತುಂಬಿ, ಮೊಮ್ಮಗಳ ಮುಖ ನೆನೆದು ಎದೆ ಕಲ್ಲು ಮಾಡಿಕೊಂಡು, ನಮ್ಮ ಬಿಲ್ಡಿಂಗಿನ ಮನೆಮನೆಗೂ ಹಂಚಿಬಂದೆ. ಎಲ್ಲರಿಗೂ ಬಾಯಿಬಿಟ್ಟು ಹೇಳಿದ್ದೆ: "ಡಬ್ಬಿ ವಾಪಸ್ ಬೇಡ, ನೀವೇ ಇಟ್ಟುಕೊಳ್ಳಿ."

ಅಲ್ಲಿಯೇ ನಾನು ಎಡವಿದ್ದು. ಮುಂಬಯಿಯಲ್ಲಿ ಡಬ್ಬಿ ವಾಪಸ್ ಬೇಡ ಎನ್ನುವುದು ಊಟಕ್ಕೆ ಕೂತವರು ಸಾಕು ಸಾಕು ಎಂದ ಹಾಗೆ. ಯಾರೂ ಅದನ್ನು ನಂಬುವುದಿಲ್ಲ. ಎರಡನೆಯದಾಗಿ, ಯಾರ ಮನೆಯ ಡಬ್ಬಿಯನ್ನೂ ಯಾರೂ ಖಾಲಿ ಹಿಂದಿರುಗಿಸುವುದಿಲ್ಲ. ನಾನು ಖಾಲಿ ಕೊಡದವಳಾದರೆ ಅವರೇನು ಕೊಡುವವರೇ? ಎರಡು ದಿನ ಕಳೆಯಿತೋ ಇಲ್ಲವೋ, ಬಾಗಿಲ ಗಂಟೆ ಹೊಡೆದುಕೊಳ್ಳತೊಡಗಿತು. ಗುಜರಾತಿಯವರ ಮನೆಯಿಂದ ಢೋಕ್ಲಾ. ತಮಿಳರ ಮನೆಯಿಂದ ಸಕ್ಕರೆ ಪೊಂಗಲ್. ಸಾವಂತ್ ಬಾಯಿಯಿಂದ ಸಾಬುದಾನಾ ಖಿಚಡಿ. ಎಲ್ಲವೂ ಹೊಗೆಯಾಡುವಷ್ಟು ಬಿಸಿ, ಎಲ್ಲವೂ ನನ್ನದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ! "ಗರಮ್ ಹೈ, ಈಗಲೇ ತಿನ್ನಿ" ಎಂದು ಉಪಚಾರ ಬೇರೆ. ಮುಚ್ಚಳ ತೆಗೆದರೆ ಒಳಗಿನಿಂದ ಬೆವರು ಸುರಿಯುತ್ತಿತ್ತು, ನನಗೂ ಸುರಿಯುತ್ತಿತ್ತು. ಕೆಲವರು ನನ್ನ ಡಬ್ಬಿ ಎಲ್ಲೋ ಸೇರಿಹೋಗಿದೆ ಎಂದು ತಮ್ಮ ದೊಡ್ಡ ಡಬ್ಬಿಯಲ್ಲಿ ತಂದರು. ಇನ್ನು ಆ ಡಬ್ಬಿಯನ್ನು ನಾನು ತುಂಬಿಸಿ ಕೊಡಬೇಕು.

ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಸಿಹಿ ಏಕೆ ಹಂಚಿದರು ಎಂದು ಬಿಲ್ಡಿಂಗಿನವರು ತಾವೇ ಒಂದು ಕಾರಣವನ್ನೂ ಹುಟ್ಟಿಸಿದ್ದರು. ಡಾಕ್ಟರಿಗೆ ಮಗುವನ್ನು ತೋರಿಸಿ ಬರುತ್ತಿದ್ದ ಮಾನಸಿಯನ್ನು ಲಿಫ್ಟಿನಲ್ಲಿ ಸಾವಂತ್ ಬಾಯಿ ತಬ್ಬಿಕೊಂಡು, "ಇಷ್ಟು ಬೇಗ ಎರಡನೆಯದೂ?" ಎಂದರಂತೆ. ಅವಳು ಮುಖ ಕೆಂಪು ಮಾಡಿಕೊಂಡು ಒಳಗೆ ಬಂದರೆ ಅಡುಗೆ ಕಟ್ಟೆಯ ತುಂಬ ಡಬ್ಬಿಗಳು. "ಅತ್ತೆ, ಕಮ್ಮಿ ಮಾಡ್ತೇನೆ ಹೇಳಿದ್ರಲ್ವಾ? ಇದು ಜಾಸ್ತಿ ಹೇಗಾಯ್ತು?" ಎಂದಳು. ಅವಳು ಫೋನು ತೆಗೆದುಕೊಂಡು ಬಾಲ್ಕನಿಗೆ ಹೋದಳು. ಕ್ರೆಶ್‌ನವರ ಹತ್ತಿರ ಮಾತಾಡುತ್ತಿದ್ದಾಳೆಂದು ನನಗೆ ಗೊತ್ತಾಯಿತು.

ಇಷ್ಟರಲ್ಲೂ ಒಂದು ಸಮಾಧಾನವಿತ್ತು. ಕೆಳಗಿನ ಮನೆಯ ಶಾಂತಕ್ಕನಿಗೆ ಕೊಟ್ಟ ಹಳದಿ ಡಬ್ಬಿ ಮಾತ್ರ ಹಿಂದೆ ಬಂದಿರಲಿಲ್ಲ. ಶಾಂತಕ್ಕ ವಿಜಯಪುರದ ಕಡೆಯವಳು. ಮಗ ಕಟ್ಟಡದ ಕೆಲಸಕ್ಕೆ, ಸೊಸೆ ಮನೆಕೆಲಸಕ್ಕೆ ಹೋದರೆ ಮೊಮ್ಮಗನನ್ನು ನೋಡಿಕೊಳ್ಳುವುದು ಅವಳೇ. ಒಂದಾದರೂ ಕಳಚಿತಲ್ಲ, ಪುಣ್ಯಾತ್ಗಿತ್ತಿ ಎಂದು ಮನಸ್ಸಿನಲ್ಲೇ ಹರಸಿದೆ. ಮರುದಿನ ಸಂಜೆ ಮಾನಸಿ ಮಗುವನ್ನೆತ್ತಿಕೊಂಡು ಗಾಳಿಗೆಂದು ಹೊರಟಾಗ ನಾನೂ ಜೊತೆಗೆ ಇಳಿದೆ, ಒಂದಿಷ್ಟು ಒಳ್ಳೆಯ ಮಾತಾಡಿ ಅವಳ ಮನಸ್ಸು ಕರಗಿಸೋಣ ಎಂದು.

ಶಾಂತಕ್ಕ ಬಾಗಿಲಲ್ಲೇ ಕೂತಿದ್ದಳು. ತೊಡೆಯ ಮೇಲೆ ಮೊಮ್ಮಗ. ಕೈಯಲ್ಲಿ ನನ್ನ ಹಳದಿ ಡಬ್ಬಿ. ಅದರಲ್ಲಿ ಹೊಗೆಯಾಡುವ ರಾಗಿ ಗಂಜಿ. ಆ ಡಬ್ಬಿಯ ತಳವನ್ನು ನಾನು ನೋಡಿದ್ದೆ, ಅದರಲ್ಲಿ ಏಳು ಇತ್ತು. ಒಳಗೆಲ್ಲ ಗೀರು ಬೇರೆ. ಶಾಂತಕ್ಕ ಊದಿ ಊದಿ ಚಮಚ ತುಂಬಿಸಿ ಮಗುವಿನ ಬಾಯಿಗೆ ಒಯ್ಯುತ್ತಿದ್ದಳು. "ಅಯ್ಯೋ, ಬೇಡ ಬೇಡ!" ಎಂದು ಕೂಗಿ ಚಮಚ ಹಿಡಿದ ಕೈಯನ್ನೇ ಹಿಡಿದುಬಿಟ್ಟೆ.

"ಯಾಕ್ರೀ ಅಕ್ಕಾರ, ಏನಾತು?" ಎಂದಳು ಶಾಂತಕ್ಕ ಗಾಬರಿಯಿಂದ. ಬಿಸಿ, ಕೆಮಿಕಲ್ಲು, ಏಳನೇ ನಂಬರು ಎಂದು ನಾನು ಬಾಯಿಗೆ ಬಂದದ್ದನ್ನೆಲ್ಲ ತೊದಲಿದೆ. ಅವಳು ಪೂರ್ತಿ ಕೇಳಿಕೊಂಡಳು. ಸಿಟ್ಟಾಗಲಿಲ್ಲ. ಡಬ್ಬಿಯನ್ನೊಮ್ಮೆ ನೋಡಿ, ನನ್ನನ್ನು ನೋಡಿ, "ಹಂಗಿದ್ರ ನಮಗ್ಯಾಕ ಕೊಟ್ರಿ?" ಎಂದಳು.

ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನನ್ನ ಮೊಮ್ಮಗಳಿಗೆ ಆಗದ್ದನ್ನು ಉಂಡೆ ತುಂಬಿಸಿ, ನಗುನಗುತ್ತ, ಇನ್ನೊಬ್ಬಳ ಮೊಮ್ಮಗನ ಮನೆಗೆ ಕೊಟ್ಟು ಬಂದಿದ್ದೆ. ಕೊಡುವಾಗ ಈ ಮಗುವಿನ ನೆನಪೇ ನನಗೆ ಬಂದಿರಲಿಲ್ಲ. ಓಡಿಹೋಗಿ ಮೇಲಿನಿಂದ ಒಂದು ಸ್ಟೀಲಿನ ಬಟ್ಟಲು ತಂದೆ. ಶಾಂತಕ್ಕ ಡಬ್ಬಿಯ ಗಂಜಿ ಚೆಲ್ಲಿ, ಒಲೆಯ ಮೇಲೆ ಉಳಿದಿದ್ದ ಗಂಜಿಯನ್ನು ಬಟ್ಟಲಿಗೆ ಹಾಕಿಕೊಂಡಳು. ಆದರೆ ಎರಡು ದಿನ ನನಗೆ ಮುಖ ಕೊಟ್ಟು ಮಾತಾಡಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಎರಡು ತಿಂಗಳು ಆಡುತ್ತಿರಲಿಲ್ಲ.

ಗಾಳಿಗೆ ಹೋಗುವ ಮಾತು ಅಲ್ಲಿಗೇ ನಿಂತಿತು. ಮಾನಸಿ ನನಗೆ ಕಾಯದೆ ಸರಸರನೆ ಮೆಟ್ಟಿಲು ಹತ್ತಿದಳು. ಕ್ರೆಶ್ಶೇ ಖಾಯಂ ಎಂದುಕೊಂಡೆ. ಬಾಗಿಲು ತೆಗೆಯುವ ಮೊದಲು ಅವಳು ನಿಂತಳು. "ಅತ್ತೆ, ನಾಮಕರಣಕ್ಕೆ ಗಿಫ್ಟ್ ಬಂದ ಪ್ಲಾಸ್ಟಿಕ್ ಬಾಟಲ್ಸ್, ಆ ಕಚ್ಚುವ ಆಟಿಕೆಗಳು... ನನಗೆ ಬೇಡ ಅಂತ ನಾನು ಸುನೀತಾಗೆ ಕೊಟ್ಟೆ." ಸುನೀತಾ ನಮ್ಮ ಮನೆಯ ಪಾತ್ರೆ ತೊಳೆಯಲು ಬರುವವಳು. ಅವಳದೂ ಎಳೆ ಮಗು. "ಅವಳು ಎಷ್ಟು ಥ್ಯಾಂಕ್ಯೂ ಹೇಳಿದಳು ಗೊತ್ತಾ?" ಎನ್ನುವಾಗ ಸೊಸೆಯ ಕಣ್ಣು ತುಂಬಿತ್ತು.

ಅತ್ತೆ ಸೊಸೆಯರು ಹೀಗೆ ಒಂದೇ ತಪ್ಪಿಗೆ ಒಂದೇ ಹೊಸಿಲಲ್ಲಿ ನಿಂತದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ನನಗೆ ಅವಳ ಮೇಲೆ ಕೋಪ ಬರಲಿಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಹಾಯೆನಿಸಿತು. ಮರುದಿನ ಅವಳು ಸುನೀತಾಳನ್ನು ಕೂರಿಸಿ ಎಲ್ಲವನ್ನೂ ಹೇಳಿ, ಒಂದು ಸ್ಟೀಲಿನ ಬಾಟಲಿ ಕೈಯಲ್ಲಿಟ್ಟಳು. ರಾತ್ರಿ ಊಟದ ಹೊತ್ತಿಗೆ, "ಕ್ರೆಶ್ ಕ್ಯಾನ್ಸಲ್ ಮಾಡಿದೆ. ನೀವು ಬೇರೆಯವರ ಮಗುವಿಗಾಗಿ ಅಷ್ಟು ಜೋರಾಗಿ ಓಡಿದ್ರಲ್ವಾ, ನಮ್ಮದನ್ನು ಬಿಡ್ತೀರಾ?" ಎಂದಳು. ನಾನು ಸಾರು ಬಡಿಸುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಈಗ ಮಗು ದಿನವಿಡೀ ನನ್ನದು. ಮೊದಲ ದಿನ ಸೊಸೆಯನ್ನು ಆಫೀಸಿಗೆ ಕಳಿಸಿ ಮನೆಯನ್ನೊಮ್ಮೆ ಜಂಬದಿಂದ ನೋಡಿದೆ. ಕಟ್ಟೆಯ ಮೇಲೆ ಸ್ಟೀಲು, ಕಪಾಟಿನಲ್ಲಿ ಗಾಜು. ಮಗುವಿಗೆ ಕಚ್ಚಲು ಮರದ ಗಿಲಕಿ. ಯಾರೇ ಬಂದು ಪರೀಕ್ಷೆ ಮಾಡಲಿ ಎಂದುಕೊಂಡು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಯ್ತುಂಬ ನಕ್ಕೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದವಳು ಸರಕ್ಕನೆ ಕೈ ಹಾಕಿ, ಮುಂದಿನ ಎರಡು ಕಟ್ಟಿಸಿದ ಹಲ್ಲುಗಳನ್ನು ಗುಲಾಬಿ ಪ್ಲಾಸ್ಟಿಕ್ ವಸಡಿನ ಸಮೇತ ಕಿತ್ತು, ನಾನು ಏನೆಂದು ತಿಳಿಯುವುದರೊಳಗೆ ತನ್ನ ಬಾಯಿಗಿಟ್ಟು ಆನಂದದಿಂದ ಚೀಪತೊಡಗಿದಳು. ಆ ಹಲ್ಲಿನಲ್ಲೇ ನಾನು ಇಷ್ಟು ವರ್ಷ ಕುದಿಕುದಿಯುವ ಕಾಫಿ ಕುಡಿದಿದ್ದೇನೆ. ಮನೆಯ ಮೂಲೆಮೂಲೆಯನ್ನೂ ಶೋಧಿಸಿದವಳು ನನ್ನ ಬಾಯನ್ನೊಂದು ತೆರೆದು ನೋಡಿಕೊಂಡಿರಲಿಲ್ಲ. ಬಿಡಿಸಿಕೊಂಡು, ತೊಳೆದು, ಕನ್ನಡಕ ಹಾಕಿ ಹಿಂದೆ ಮುಂದೆ ತಿರುಗಿಸಿದೆ. ನಂಬರೇನೂ ಕಾಣಲಿಲ್ಲ. ಸೊಸೆಗೆ ಇನ್ನೂ ಹೇಳಿಲ್ಲ. ಅವಳು ಮನೆಯಲ್ಲಿರುವಾಗ ಬಾಯಿ ಮುಚ್ಚಿಕೊಂಡೇ ನಗುತ್ತೇನೆ.